9 ಮಿಲಿಮೀಟರ್ ಸೊಟ್ಟ

(ಪುಣೆಯ ಕನ್ನಡಿಗರ ಕೂಟವೊಂದರಲ್ಲಿ ಭಾನುವಾರ ಸಂಜೆ ಆಡಿದ ಮಾತು ಇದು. ಬಂದವರು ಕೇಳಿದ್ದರಿಂದ ಬರೆದು ಕೊಟ್ಟಿದ್ದೇನೆ. ಅಲ್ಲಿ ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಬಿಡಿಸಿ ಹೇಳಬೇಕಾಯಿತು. ಕೊನೆಯ ಪ್ರಶ್ನೆಗಳಲ್ಲಿ ನೆನಪಿದ್ದಷ್ಟನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಫೈಬರ್ ತುಂಡನ್ನು ಮುಂದಿನ ಸಾಲಿನವರು ಕೈಗೆ ತಗೊಂಡು ನೋಡಿ, ಆಮೇಲೆ ಹಿಂದಕ್ಕೆ ದಾಟಿಸಿ. ಎರಡು ಅಂಗೈ ಅಗಲ, ಒಂದೂವರೆ ಮಿಲಿಮೀಟರ್ ದಪ್ಪ. ಒಂದು ಮೈ ಬೆಳ್ಳಗೆ ನುಣ್ಣಗಿದೆ, ಇನ್ನೊಂದು ಮೈಯಲ್ಲಿ ಎಳೆ ಎಳೆಯಾಗಿ ಗಾಜಿನ ನೂಲು ಕಾಣುತ್ತದೆ. ಮೇಜಿನ ಮೇಲೆ ಇಟ್ಟು ಬೆರಳಿನಿಂದ ಒತ್ತಿದರೆ ಟಕಟಕ ಅಲ್ಲಾಡುತ್ತದೆ, ಯಾಕೆಂದರೆ ಒಂದು ಮೂಲೆ ಮೇಲೆದ್ದಿದೆ. ಇದನ್ನು ಹೋದ ಏಪ್ರಿಲ್‌ನಲ್ಲಿ ಪುಣೆ ಪಕ್ಕದ ಭೋಸರಿಯ ನಮ್ಮ ಶೆಡ್ಡಿನಲ್ಲಿ ಬೇಕೆಂದೇ ಸೊಟ್ಟ ಮಾಡಿದ್ದು. ಇನ್ನೂ ಹಸಿ ಇರುವಾಗಲೇ ಅಚ್ಚಿನಿಂದ ಬಿಡಿಸಿ, ಬಿಸಿಲಿಗೆ ಕಾದ ತಗಡಿನ ಗೋಡೆಗೆ ಒರಗಿಸಿ ಎರಡು ದಿನ ಬಿಟ್ಟೆ. ಇವತ್ತಿನ ಮಾತೆಲ್ಲ ಆ ಎದ್ದ ಮೂಲೆಯದ್ದೇ: ವಿಮಾನದ ರೆಕ್ಕೆಯ ಫೈಬರ್ ತುದಿ ಹೀಗೆ ಸೊಟ್ಟಾದರೆ ಅದನ್ನು ನೆಟ್ಟಗೆ ಮಾಡುವುದು ಹೇಗೆ ಅಂತ.

ನಾನು ಗದಗ ಕಡೆಯವನು. 1986ರಲ್ಲಿ ಪುಣೆಗೆ ಬಂದವನು ಅಂದಿನಿಂದ ಫೈಬರ್ ಕೆಲಸದಲ್ಲೇ ಇದ್ದೇನೆ. ಬಸ್ಸಿನ ಡ್ಯಾಶ್‌ಬೋರ್ಡ್, ನೀರಿನ ಟಾಕಿ, ಮಷೀನುಗಳ ಕವರ್, ಒಂದೆರಡು ವರ್ಷ ಗಣೇಶನ ಮಂಟಪಕ್ಕೆ ಕಂಬಗಳು. ವಿಮಾನದ ಭಾಗಕ್ಕೆ ಕೈ ಹಾಕಿದ್ದು ಅರವತ್ತು ದಾಟಿದ ಮೇಲೆ, ಅದೂ ಅಳಿಯಂದಿರಿಂದ.

ನನ್ನ ದೊಡ್ಡ ಮಗಳು, ಅಳಿಯ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಇದ್ದಾರೆ. ಅಳಿಯಂದಿರು ಮನೆಯ ಗ್ಯಾರೇಜಿನಲ್ಲಿ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದಾರೆ. ಅಲ್ಯೂಮಿನಿಯಂ ಹಾಳೆ, ರಿವೆಟ್ಟು, ಎಲ್ಲವೂ ಪೆಟ್ಟಿಗೆಯಲ್ಲಿ ಬರುತ್ತವೆ. ಜೋಡಿಸುವುದು ಮನೆಯವನ ಕೆಲಸ. ಅಮೆರಿಕದಲ್ಲಿ ಇದಕ್ಕೆ ಹಳೆಯ ಪರಂಪರೆಯೇ ಇದೆ. 1953ರಲ್ಲಿ ಪಾಲ್ ಪೋಬೆರೆಜ್ನಿ ಎಂಬುವರು ಮಿಲ್ವಾಕೀಯಲ್ಲಿ ಇಂಥ ಮನೆಕಟ್ಟಿನ ವಿಮಾನದವರ ಸಂಘ ಕಟ್ಟಿದರು. ಅಲ್ಲಿನ ಕಾನೂನಿನ ಪ್ರಕಾರ ವಿಮಾನದ ಹೆಚ್ಚಿನ ಭಾಗವನ್ನು ಹವ್ಯಾಸಕ್ಕಾಗಿಯೋ ಕಲಿಕೆಗಾಗಿಯೋ ಸ್ವತಃ ಕಟ್ಟಿರಬೇಕು. ಜನರ ಬಾಯಲ್ಲಿ ಅದು 51 ಪರ್ಸೆಂಟ್ ನಿಯಮ. ಹಾಗೆ ಕಟ್ಟಿ ಮುಗಿಸಿದವನು ಅದೇ ವಿಮಾನದ ವಾರ್ಷಿಕ ತಪಾಸಣೆಯನ್ನು ತಾನೇ ಮಾಡುವ ಸರ್ಟಿಫಿಕೇಟನ್ನೂ ಪಡೆಯಬಹುದು.

ನಮ್ಮಲ್ಲಿ ಇದು ಇಲ್ಲವೇ ಇಲ್ಲ ಅನ್ನಬೇಡಿ. ಮುಂಬೈನ ಕಾಂದಿವಲಿಯಲ್ಲಿ ಕ್ಯಾಪ್ಟನ್ ಅಮೋಲ್ ಯಾದವ್ ಅವರು ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿ, 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನಕ್ಕೆ ಇಳಿಸಿ ತಂದದ್ದು ನಿಮಗೆ ನೆನಪಿರಬಹುದು. ಇನ್ನು ಫೈಬರ್ ವಿಮಾನದ ಮಾತಿಗೆ ಬಂದರೆ ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಹಂಸ 1993ರಲ್ಲೇ ಹಾರಿತು. ಅದರ ಮೈಯೆಲ್ಲ ಗಾಜಿನ ನೂಲು, ಅದನ್ನು ಹಿಡಿದಿಡುವ ಎಪಾಕ್ಸಿ ಎಂಬ ರೆಸಿನ್, ಅಂದರೆ ಗಟ್ಟಿಯಾಗುವ ಅಂಟುದ್ರವ. ಅದಕ್ಕೂ ಹಿಂದೆ, 1957ರಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟ್‌ನ ವಿದ್ಯಾರ್ಥಿಗಳು ಗಾಜಿನ ನೂಲು, ಪಾಲಿಯೆಸ್ಟರ್ ರೆಸಿನ್, ಬಾಲ್ಸಾ ಮರ ಸೇರಿಸಿ ಮೊದಲ ಫೈಬರ್ ಗ್ಲೈಡರ್ ಹಾರಿಸಿದ್ದರು. ಹಡಪ್ಸರ್ ಕಡೆ ಮನೆ ಇದ್ದವರು ಅಲ್ಲಿನ ಗ್ಲೈಡಿಂಗ್ ಸೆಂಟರಿನಿಂದ ಸದ್ದಿಲ್ಲದೆ ಮೇಲೇರುವ ಗ್ಲೈಡರುಗಳನ್ನು ನೋಡಿಯೇ ಇರುತ್ತೀರಿ.

ಈಗ ರೆಕ್ಕೆಯ ತುದಿಗೆ ಬರೋಣ. ಇಡೀ ರೆಕ್ಕೆ ಅಲ್ಯೂಮಿನಿಯಂ ಆದರೂ ಅದರ ತುದಿ ಫೈಬರ್‌ನದು. ಕಾರಣ ಎರಡು. ತುದಿ ಎಲ್ಲ ಕಡೆಗೂ ಬಾಗಿರುತ್ತದೆ, ತಗಡನ್ನು ಹಾಗೆ ಬಗ್ಗಿಸುವುದು ಕಷ್ಟ, ಫೈಬರ್ ಆದರೆ ಅಚ್ಚಿನಲ್ಲಿ ಹುಟ್ಟಿಬಿಡುತ್ತದೆ. ಎರಡನೆಯದು, ಗಾಜಿನ ನೂಲಿನ ಮೂಲಕ ರೇಡಿಯೋ ಅಲೆ ಹಾಯುತ್ತದೆ, ಹಾಗಾಗಿ ಆಂಟೆನಾವನ್ನು ತುದಿಯ ಹೊಟ್ಟೆಯಲ್ಲೇ ಅಡಗಿಸಬಹುದು. ಎಡ ತುದಿಯಲ್ಲಿ ಕೆಂಪು ದೀಪ, ಬಲ ತುದಿಯಲ್ಲಿ ಹಸಿರು. ಉದ್ದ ಸುಮಾರು ಮೂರು ಮೊಳ, ಅಗಲ ಮುಕ್ಕಾಲು ಮೊಳ, ತೂಕ ಎರಡು ಕಿಲೋ ಕೂಡ ಇಲ್ಲ. ಭಾರ ಹೊರುವ ಭಾಗ ಅದಲ್ಲ. ಆದರೆ ಅದರ ಪಕ್ಕದಲ್ಲೇ ಏಲರಾನ್ ಇರುತ್ತದೆ. ವಿಮಾನವನ್ನು ಎಡಕ್ಕೆ ಬಲಕ್ಕೆ ಓಲಿಸುವ ಬಾಗಿಲಿನಂಥ ಪಟ್ಟಿ ಅದು. ಏಲರಾನಿನ ಹಿಂದಿನ ಅಂಚು, ತುದಿಯ ಹಿಂದಿನ ಅಂಚು ಎರಡೂ ಒಂದೇ ಗೆರೆಯಲ್ಲಿ ಹೋಗಬೇಕು.

ನಾನು ಮಗಳ ಮನೆಗೆ ಟೆಕ್ಸಾಸ್‌ಗೆ ಹೋದ ಮೂರನೆಯ ದಿನ ಅಳಿಯಂದಿರು ಎಡ ತುದಿಯನ್ನು ರೆಕ್ಕೆಗೆ ಸಿಕ್ಕಿಸಿ ತೋರಿಸಿದರು. ಹಿಂದಿನ ಮೂಲೆ ಏಲರಾನಿನ ಗೆರೆಗಿಂತ 9 ಮಿಲಿಮೀಟರ್ ಕೆಳಗೆ ಜೋತುಬಿದ್ದಿತ್ತು. ದೂರದಿಂದ ನೋಡಿದರೂ ಕಣ್ಣಿಗೆ ಚುಚ್ಚುವಷ್ಟು.

"ಮಾಮಾ, ಪುಟ್ಟಿ ತುಂಬಿ ಸಮ ಮಾಡಿಬಿಡೋಣವಾ?" ಎಂದರು. ಬೇಡ ಅಂದೆ.

ಅಂಚು ಕೆಳಗೆ ಬಾಗಿದರೆ ಆ ಕಡೆಯ ರೆಕ್ಕೆಗೆ ಸ್ವಲ್ಪ ಹೆಚ್ಚು ಎತ್ತುವ ಬಲ ಸಿಗುತ್ತದೆ. ಎಡ ತುದಿ ಜೋತುಬಿದ್ದಿದ್ದರೆ ವಿಮಾನ ಬಲಕ್ಕೆ ಓಲುತ್ತದೆ, ಪೈಲಟ್ ಇಡೀ ದಾರಿ ವಿಮಾನ ನಡೆಸುವ ಕೋಲನ್ನು ಎಡಕ್ಕೆ ಹಿಡಿದಿರಬೇಕು. ಪುಟ್ಟಿ ಆ ಸೊಟ್ಟನ್ನು ಮುಚ್ಚುತ್ತದೆ, ತೂಕವನ್ನೂ ತಂದು ರೆಕ್ಕೆಯ ಕಟ್ಟಕಡೆಯಲ್ಲಿ ಕೂರಿಸುತ್ತದೆ. ಇದಕ್ಕಿಂತ ಕೆಟ್ಟ ದಾರಿ ಇನ್ನೊಂದಿದೆ, ಅದನ್ನು ಒತ್ತಿ ಹೇಳುತ್ತೇನೆ. ತುದಿಗೆ ಹೊಂದಲಿ ಅಂತ ಏಲರಾನಿಗೆ ಪುಟ್ಟಿ ಬಳಿಯುವುದು. ಏಲರಾನಿನ ಕೀಲಿನ ಮುಂದೆ ತೂಕ ಇಟ್ಟು ಅದನ್ನು ತಕ್ಕಡಿಯ ಹಾಗೆ ಸಮತೂಕ ಮಾಡಿರುತ್ತಾರೆ. ಹಿಂದಿನ ಅಂಚಿಗೆ ತೂಕ ಸೇರಿಸಿದರೆ ಆ ಸಮತೂಕ ತಪ್ಪುತ್ತದೆ. ವೇಗ ಏರಿದಾಗ ಕಿಟಕಿಗೆ ಸಿಕ್ಕ ಕಾಗದದ ಹಾಗೆ ಅದು ಬಡಿದುಕೊಳ್ಳಲು ಶುರು ಮಾಡಬಹುದು. ಹಾಗೆ ಬಡಿದುಕೊಂಡರೆ ಕೆಲವೇ ಸೆಕೆಂಡಿನಲ್ಲಿ ಕಿತ್ತುಹೋಗುತ್ತದೆ. ನಾವು ಮಾಡಿದ ನೀರಿನ ಟಾಕಿ ಸೋರಿದರೆ ಮನೆಯವರು ಬೈಯುತ್ತಾರೆ, ಅಷ್ಟೇ. ಇಲ್ಲಿ ಹಾಗಲ್ಲ.

ಹಾಗಾದರೆ ಮಾಡುವುದೇನು? ನಾನು ಅಳಿಯಂದಿರನ್ನು ಕೇಳಿದ್ದು ಒಂದೇ ಮಾತು: ಇದು ಎಲ್ಲಿ ಇತ್ತು, ಹೇಗೆ ಇತ್ತು?

ಎಡ ತುದಿ ಎರಡು ಬೇಸಿಗೆ ಗ್ಯಾರೇಜಿನ ಗೋಡೆಗೆ ಒರಗಿಕೊಂಡು ನಿಂತಿತ್ತಂತೆ. ಬಲ ತುದಿ ಒಳಗೆ, ಮಂಚದ ಕೆಳಗೆ ಮಲಗಿತ್ತು. ಬಲದ್ದೂ ಸೊಟ್ಟವೇ, ಆದರೆ 3 ಮಿಲಿಮೀಟರ್ ಮಾತ್ರ. ಇಷ್ಟು ಕೇಳಿದ ಮೇಲೆ ನನಗೆ ಅರ್ಧ ಉತ್ತರ ಸಿಕ್ಕಿತು.

ಫೈಬರ್ ಎರಡು ರೀತಿಯಲ್ಲಿ ಸೊಟ್ಟಾಗುತ್ತದೆ. ನಮ್ಮ ಶೆಡ್ಡಿನ ಹುಡುಗರಿಗೆ ನಾನು ಹುಟ್ಟುಸೊಟ್ಟ, ಒರಗುಸೊಟ್ಟ ಅಂತ ಹೇಳಿಕೊಟ್ಟಿದ್ದೇನೆ.

ಹುಟ್ಟುಸೊಟ್ಟ ಅಂದರೆ ಅಚ್ಚಿನಲ್ಲೇ ಬಂದದ್ದು. ಹಪ್ಪಳ ಒಣಗಿಸುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಮೈ ಮೊದಲು ಒಣಗಿ ಕೆಳಗಿನ ಮೈ ಹಸಿ ಇದ್ದರೆ ಹಪ್ಪಳ ಮುರುಟುತ್ತದೆ, ಅದಕ್ಕೇ ಮಗುಚಿ ಹಾಕುತ್ತೀರಿ. ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಅದರ ಗಾತ್ರ ಸುಮಾರು 5ರಿಂದ 8 ಪರ್ಸೆಂಟ್ ಕುಗ್ಗುತ್ತದೆ. ಗಾಜಿನ ನೂಲು ಕುಗ್ಗುವುದಿಲ್ಲ. ಹೊರಮೈಯಲ್ಲಿರುವ ಜೆಲ್‌ಕೋಟ್ ಬರೀ ರೆಸಿನ್, ಒಳಮೈಯಲ್ಲಿ ನೂಲೂ ಇದೆ. ಎರಡು ಮೈ ಒಂದೇ ಸಮ ಕುಗ್ಗದಿದ್ದರೆ ತುಂಡು ಒಂದು ಕಡೆಗೆ ಎಳೆಯುತ್ತದೆ. ಅಚ್ಚಿನಿಂದ ಬೇಗ ಬಿಡಿಸಿದರಂತೂ ಎಳೆಯುವುದನ್ನು ತಡೆಯುವವರೇ ಇಲ್ಲ. ನಮ್ಮ ಹಳೆಯ ಕೈಗೆಲಸಗಾರ, ವಿಜಯಪುರ ಕಡೆಯವ, ತುಂಡನ್ನು ಉಗುರಿನಿಂದ ಒತ್ತಿ ನೋಡಿ ಹೇಳುತ್ತಿದ್ದ: "ಅಣ್ಣಾರ, ಇದು ಇನ್ನೂ ಹಸಿ ಐತ್ರಿ, ಇವತ್ತ ತಗೀಬ್ಯಾಡ್ರಿ." ಅರ್ಜೆಂಟ್ ಆರ್ಡರ್ ಇದ್ದ ದಿನ ಅವನ ಮಾತು ಕೇಳದೆ ತೆಗೆದ ತುಂಡುಗಳೇ ಮಾರನೆಯ ದಿನ ನೆಟ್ಟಗೆ ಕೂರುತ್ತಿರಲಿಲ್ಲ.

ಒರಗುಸೊಟ್ಟ ಆಮೇಲೆ ಬಂದದ್ದು. ಸಾಮಾನ್ಯ ದರ್ಜೆಯ ಪಾಲಿಯೆಸ್ಟರ್ 60ರಿಂದ 80 ಡಿಗ್ರಿಯೊಳಗೆ ಮೆತ್ತಗಾಗತೊಡಗುತ್ತದೆ, ಪೂರ್ತಿ ಬಲಿಯದ್ದಾದರೆ ಅದಕ್ಕೂ ಮೊದಲೇ. ಗಾಜಿಗೆ ಏನೂ ಆಗುವುದಿಲ್ಲ, ಅದು ಮೆತ್ತಗಾಗಲು 800 ಡಿಗ್ರಿ ದಾಟಬೇಕು. ಮೆತ್ತಗಾಗುವುದು ನೂಲುಗಳನ್ನು ಹಿಡಿದಿರುವ ರೆಸಿನ್. ಟೆಕ್ಸಾಸ್‌ನ ಬೇಸಿಗೆಯಲ್ಲಿ ಮುಚ್ಚಿದ ಗ್ಯಾರೇಜು, ಬಿಸಿಲಿಗೆ ಕಾದ ಗೋಡೆ, ಒಂದೇ ಮೂಲೆಯ ಮೇಲೆ ನಿಂತ ತುಂಡು. ತನ್ನ ಭಾರಕ್ಕೆ ತಾನೇ ದಿನಕ್ಕೆ ಕೂದಲೆಳೆಯಷ್ಟು ಜಾರಿ ಕೂತುಬಿಟ್ಟಿದೆ.

ಇವೆರಡನ್ನು ಬೇರೆ ಬೇರೆ ಗುರುತಿಸುವುದು ಯಾಕೆ ಮುಖ್ಯ? ಇದನ್ನು ಹೇಳಬೇಕೆಂದೇ ನಾನು ಇವತ್ತು ಬಂದದ್ದು. ಬೆಲ್ಲ ಕರಗಿಸಿದರೆ ಮತ್ತೆ ಪಾಕ, ಬೇಕಾದ ಅಚ್ಚಿಗೆ ಮತ್ತೆ ಎರೆಯಬಹುದು. ಬೆಂದ ಇಡ್ಲಿಯನ್ನು ಎಷ್ಟು ಬಿಸಿ ಮಾಡಿದರೂ ಅದು ಹಿಟ್ಟಾಗುವುದಿಲ್ಲ. ಪ್ಲಾಸ್ಟಿಕ್ ಕೊಡ ಬೆಲ್ಲದ ಜಾತಿ, ನಮ್ಮ ರೆಸಿನ್ ಇಡ್ಲಿಯ ಜಾತಿ. ಒಮ್ಮೆ ಗಟ್ಟಿಯಾದದ್ದು ಕರಗುವುದೇ ಇಲ್ಲ. ಕಾಯಿಸಿದರೆ ಸ್ವಲ್ಪ ರಬ್ಬರಿನಂತಾಗುತ್ತದೆ, ಆಗ ಅದು ತಾನು ಗಟ್ಟಿಯಾದಾಗ ಇದ್ದ ಆಕಾರದ ಕಡೆಗೇ ತಿರುಗುತ್ತದೆ. ಒರಗಿ ಸೊಟ್ಟಾದದ್ದನ್ನು ಕಾಯಿಸಿದರೆ ಹುಟ್ಟಿದ ನೆಟ್ಟಗಿನ ಆಕಾರಕ್ಕೆ ಮರಳುತ್ತದೆ. ಹುಟ್ಟುವಾಗಲೇ ಸೊಟ್ಟಾದದ್ದನ್ನು ಕಾಯಿಸಿ ನೆಟ್ಟಗೆ ಮಾಡಿದರೆ, ಮುಂದಿನ ಬೇಸಿಗೆಯಲ್ಲಿ ಅದು ತನ್ನ ಸೊಟ್ಟಕ್ಕೇ ಮರಳುತ್ತದೆ. ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಹಾಗೆ.

ಕಾಯಿಸುವ ಮೊದಲು ಇನ್ನೊಂದು ಕೆಲಸ: ಯಾವುದು ಸರಿ, ಯಾವುದು ತಪ್ಪು ಅಂತ ಖಾತ್ರಿ ಮಾಡಿಕೊಳ್ಳಬೇಕು. ನಮ್ಮೂರ ಗೌಂಡಿ ಗೋಡೆ ಕಟ್ಟುವಾಗ ಮೊದಲು ದಾರ ಹಿಡಿಯುತ್ತಾನೆ, ಇಟ್ಟಿಗೆಯನ್ನು ದಾರಕ್ಕೆ ಹೊಂದಿಸುತ್ತಾನೆ, ದಾರವನ್ನು ಇಟ್ಟಿಗೆಗೆ ಹೊಂದಿಸುವುದಿಲ್ಲ. ಇಲ್ಲಿ ದಾರ ಅಂದರೆ ಏಲರಾನ್. ಅದನ್ನು ಡ್ರಾಯಿಂಗಿನಲ್ಲಿ ಹೇಳಿದ ನಡು ಸ್ಥಾನದಲ್ಲಿ ನಿಲ್ಲಿಸಿ, ಪಕ್ಕದ ಫ್ಲ್ಯಾಪ್ ಎಂಬ ಇನ್ನೊಂದು ಪಟ್ಟಿಯ ಅಂಚಿಗೆ ಸಮ ಇದೆಯೇ ನೋಡಿ, ಮರದ ಪಟ್ಟಿಗಳ ನಡುವೆ ಕ್ಲ್ಯಾಂಪ್ ಹಾಕಿದೆವು. ಆಮೇಲೆ ಒಂದು ನೆಟ್ಟಗಿನ ಅಲ್ಯೂಮಿನಿಯಂ ಆಂಗಲ್ ಪಟ್ಟಿಯನ್ನು ಏಲರಾನಿನ ಹಿಂದಿನ ಅಂಚಿಗೆ ಕಟ್ಟಿ, ತುದಿಯಾಚೆಗೂ ಚಾಚುವಂತೆ ಬಿಟ್ಟೆವು. 9 ಮಿಲಿಮೀಟರ್ ಎಂದು ಅಳೆದದ್ದು ಆ ಪಟ್ಟಿಯಿಂದ. ಅದೇ ಹೊತ್ತಿಗೆ ತುದಿಯ ಬೇರೆ ಮೂರು ಕಡೆಯೂ ಅಳೆದೆವು. ಮುಂದಿನ ಮೂಗು ಸರಿಯಾಗಿ ಕೂತಿತ್ತು, ಹಿಂದಿನ ಮೂರನೇ ಒಂದು ಭಾಗ ಮಾತ್ರ ಜೋತಿತ್ತು. ಇಡೀ ತುದಿಯೇ ತಿರುಚಿದ್ದರೆ ಸ್ಕ್ರೂ ತೂತುಗಳನ್ನೇ ಹೊಸದಾಗಿ ಹಾಕಿ ಕೂರಿಸಿದರೆ ಸಾಕಿತ್ತು. ಫೈಬರ್‌ಗೆ ಕೈ ಹಾಕುವ ಅಗತ್ಯವೇ ಬೀಳುತ್ತಿರಲಿಲ್ಲ.

ಇನ್ನು ಕಾಯಿಸುವುದು. ಹೀಟ್ ಗನ್ ಹಿಡಿದರೆ ಅದರ ಬಾಯಿಂದ ಬರುವ ಗಾಳಿ 300 ಡಿಗ್ರಿ ದಾಟಿರುತ್ತದೆ. ಒಂದೇ ಕಡೆ ಹಿಡಿದರೆ ರೆಸಿನ್ ಕಂದಾಗಿ ಉಬ್ಬುತ್ತದೆ, ಪದರ ಬಿಟ್ಟು ಒಳಗೆ ಬಿಳಿ ಮಚ್ಚೆ ಏಳುತ್ತದೆ. ಒಂದು ಮೊಳ ದೂರದಿಂದ, ಬೀಸಣಿಗೆಯಂತೆ ಆಡಿಸುತ್ತಾ, ಎರಡೂ ಮೈಗೆ ಸಮನಾಗಿ ಕಾಯಿಸಬೇಕು. ಅಳಿಯಂದಿರು ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದು ಓದುತ್ತಿದ್ದರು. 70ರ ಹತ್ತಿರ ಬಂದಾಗ ಬೆರಳಿನಿಂದ ಒತ್ತಿದರೆ ಅಂಚು ಸ್ವಲ್ಪ ಸೋಲುವುದು ಗೊತ್ತಾಗುತ್ತದೆ, ಬಿಸಿ ಚಪಾತಿ ಸೋತಂತೆ. ಎರಡು ನೆಟ್ಟಗಿನ ಹಲಗೆಗಳ ನಡುವೆ ಹಿಡಿದು ಕ್ಲ್ಯಾಂಪ್ ಮಾಡಿದೆವು. ಮುಖ್ಯವಾದದ್ದು, ಪೂರ್ತಿ ತಣ್ಣಗಾಗುವವರೆಗೆ ಕ್ಲ್ಯಾಂಪ್ ಬಿಚ್ಚಬಾರದು. ಊಟ ಮುಗಿಸಿ, ಮಧ್ಯಾಹ್ನದ ನಿದ್ದೆ ಮುಗಿಸಿ ಬಂದು ಬಿಚ್ಚಿದೆವು.

ಬಿಚ್ಚಿದ ಕೂಡಲೇ ಅಳೆದರೆ 1 ಮಿಲಿಮೀಟರ್. ಅಳಿಯಂದಿರಿಗೆ ಖುಷಿಯೋ ಖುಷಿ. ನಾನು ಏನೂ ಹೇಳಲಿಲ್ಲ. ತುದಿಯನ್ನು ಬಿಚ್ಚಿ, ಯಾವ ಭಾರವೂ ಬೀಳದಂತೆ ಮಲಗಿಸಿ, ಎರಡು ದಿನ ಅದೇ ಬಿಸಿಯ ಗ್ಯಾರೇಜಿನಲ್ಲಿ ಬಿಟ್ಟೆ. ಮತ್ತೆ ಸಿಕ್ಕಿಸಿ ಅಳೆದರೆ 4. ಇನ್ನೊಮ್ಮೆ ಕಾಯಿಸಿದೆವು, ಮತ್ತೆ 4ಕ್ಕೇ ಬಂದು ನಿಂತಿತು. ಲೆಕ್ಕ ಸಿಕ್ಕಿತು. 9ರಲ್ಲಿ 5 ಮಿಲಿಮೀಟರ್ ಗೋಡೆಗೆ ಒರಗಿ ಬಂದದ್ದು, ಅದು ಹೋಯಿತು. ಉಳಿದ 4 ಹುಟ್ಟಿನಿಂದ ಬಂದದ್ದು, ಕಾಯಿಸಿದರೆ ಹೋಗುವುದಿಲ್ಲ, ಕೊಯ್ಯಬೇಕು.

ಇಲ್ಲಿ ಸಭೆಯಲ್ಲಿ ಯಾರೋ ಅಯ್ಯೋ ಅಂದರು. ಹೌದು, ಅಳಿಯಂದಿರ ಮುಖವೂ ಹಾಗೇ ಆಯಿತು. ಆದರೆ ತುದಿಯ ಮೇಲಿನ ಮೈ, ಕೆಳಗಿನ ಮೈ ಎರಡೂ ಹಿಂದಿನ ಅಂಚಿನಲ್ಲಿ ಕೂಡಿಕೊಂಡು ಒಂದನ್ನೊಂದು ಹಿಡಿದಿರುತ್ತವೆ. ಹುಟ್ಟುಸೊಟ್ಟ ಉಳಿಯುವುದೇ ಆ ಕೂಡುವ ಗೆರೆಯಲ್ಲಿ. ಅದನ್ನು ಬಿಡಿಸಿದರೆ ಎರಡು ಮೈಯೂ ಸಡಿಲವಾಗಿ ಹಲಗೆ ಹೇಳಿದ ಜಾಗಕ್ಕೆ ಬಂದು ಕೂರುತ್ತವೆ.

ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಟೇಪು ಸುತ್ತಿ, ಹಿಂದಿನ ಅಂಚಿನ ಉದ್ದಕ್ಕೂ ನಾಲ್ಕು ಗೇಣು ಕೊಯ್ದೆ. ಗ್ರೈಂಡರ್ ಹಾಕಬಹುದಿತ್ತು, ಆದರೆ ಅಲ್ಲಿ ಕೈ ಜಾರಿದರೆ ಮೂಲೆಯೇ ಹೋಗುತ್ತದೆ. ಬ್ಲೇಡು ಕೊನೆ ಮುಟ್ಟುವಾಗ ಸಣ್ಣ ಟಿಕ್ ಅಂತ ಸದ್ದು ಬಂದು ಎರಡು ತುಟಿ ತಾವಾಗಿಯೇ ಬಿಟ್ಟುಕೊಂಡವು, ಕೆಳಗಿನದು ಕೆಳಕ್ಕೆ, ಮೇಲಿನದು ಇದ್ದಲ್ಲೇ. ಸೊಟ್ಟ ಇದ್ದದ್ದು ಕೆಳಗಿನ ಮೈಯಲ್ಲಿ ಅಂತ ಆಗ ಕಣ್ಣಾರೆ ಕಂಡಿತು. ಮೇಲಿನದನ್ನು ಅದು ಎಳೆದುಕೊಂಡಿತ್ತು, ಅಷ್ಟೇ.

ಆಮೇಲಿನದ್ದು ತಾಳ್ಮೆಯ ಕೆಲಸ. ಸೀಳಿನೊಳಗೆ ಕೈ ಹೋಗುವಷ್ಟು ದೂರ 80 ನಂಬರ್ ಸ್ಯಾಂಡ್ ಪೇಪರ್ ಹಾಕಿ ಹೊಳಪು ತೆಗೆಯಬೇಕು. ಹೊಳಪಿನ ಮೇಲೆ ಏನೂ ಹಿಡಿಯುವುದಿಲ್ಲ. ಧೂಳು ಒರೆಸಿ, ಅಸಿಟೋನ್ ಹಾಕಿದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಬೇಕು. ಹಲಗೆಗಳಿಗೆ ಪ್ಯಾಕಿಂಗ್ ಟೇಪು ಸುತ್ತಬೇಕು, ಇಲ್ಲದಿದ್ದರೆ ಹಲಗೆಯೇ ತುದಿಗೆ ಅಂಟಿಕೊಳ್ಳುತ್ತದೆ. ಒಳಗೆ ಎರಡು ಪದರ ನೇಯ್ದ ಗಾಜಿನ ಬಟ್ಟೆ, ನೂಲು ಅಂಚಿಗೆ ಅಡ್ಡಕರ್ಣವಾಗಿ ಹೋಗುವಂತೆ. ಅಂಚಿನ ಸಂದಿಗೆ ಎಪಾಕ್ಸಿಯಲ್ಲಿ ಹತ್ತಿಯ ನೂಲಿನ ಪುಡಿ ಕಲಸಿದ ಮುದ್ದೆ. ಉಪ್ಪಿನಕಾಯಿ ಮಸಾಲೆಯಷ್ಟು ಗಟ್ಟಿ ಇರಬೇಕು, ಹರಿಯಬಾರದು.

ಪಾಲಿಯೆಸ್ಟರ್ ತುದಿಗೆ ಎಪಾಕ್ಸಿ ಯಾಕೆ? ಗಟ್ಟಿಯಾದ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಕುಗ್ಗುವುದೂ ಕಡಿಮೆ, ಹಾಗಾಗಿ ಹೊಸ ಸೊಟ್ಟ ಹುಟ್ಟುವುದಿಲ್ಲ. ತಿರುಗಾಮುರುಗಾ ಮಾಡಿದರೆ, ಅಂದರೆ ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಹಾಕಿದರೆ, ನಂಬುವಂತಿಲ್ಲ. ನಾವು ಶೆಡ್ಡಿನಲ್ಲಿ ಬಳಸುವ ಚಾಪೆಯಂಥ ಮ್ಯಾಟ್ ಕೂಡ ಎಪಾಕ್ಸಿಗೆ ಬೇಡ. ಅದರ ನೂಲುಗಳನ್ನು ಹಿಡಿದ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ನಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಕರಗುವುದಿಲ್ಲ, ಮ್ಯಾಟ್ ಮೆತ್ತಗೆ ಕೂರುವುದೇ ಇಲ್ಲ. ನೇಯ್ದ ಬಟ್ಟೆಯೇ ಬೇಕು.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು, ಯಾಕೆಂದರೆ ಫೈಬರ್ ಕೆಲಸದವರು ಎಪಾಕ್ಸಿಗೆ ಬಂದಾಗ ಇದೇ ತಪ್ಪು ಮಾಡುತ್ತಾರೆ. ಪಾಲಿಯೆಸ್ಟರ್‌ ಗಟ್ಟಿಯಾಗಲು ಹಾರ್ಡನರ್ ಅಂತ ನಾವು ಹಾಕುವುದು ನೂರಕ್ಕೆ ಒಂದೆರಡು ಪಾಲು. ಚಳಿ ಇದ್ದರೆ ಒಂಚೂರು ಜಾಸ್ತಿ, ಬಿಸಿಲಿದ್ದರೆ ಕಡಿಮೆ, ಅದು ನಮ್ಮ ಕೈಗೆ ಬಂದ ಅಂದಾಜು. ಎಪಾಕ್ಸಿಯಲ್ಲಿ ಹಾರ್ಡನರ್ ಬರೀ ಕಿಡಿ ಹಚ್ಚುವ ವಸ್ತು ಅಲ್ಲ, ಅದು ಗೋಡೆಯ ಅರ್ಧ ಇಟ್ಟಿಗೆ. ರೆಸಿನ್ನಿನ ಒಂದೊಂದು ಕೊಂಡಿಗೂ ಹಾರ್ಡನರಿನ ಒಂದು ಕೊಂಡಿ ಬೇಕು. ಹೆಚ್ಚಾದರೂ ಕೆಟ್ಟದು, ಕಡಿಮೆಯಾದರೂ ಕೆಟ್ಟದು. ಅವತ್ತು ಮಳೆ ಬಂದು ಗ್ಯಾರೇಜು ತಣ್ಣಗಿತ್ತು. ಬೇಗ ಆಗಲಿ ಅಂತ ನಾನು ಅಭ್ಯಾಸಬಲದಿಂದ ಹಾರ್ಡನರ್ ಕಣ್ಣಂದಾಜಿನಲ್ಲಿ ಜಾಸ್ತಿ ಸುರಿದೆ. ಮಾರನೆಯ ದಿನ ನೋಡಿದರೆ ಉಗುರು ಇಳಿಯುವಷ್ಟು ಮೆತ್ತಗೆ, ಹಲಸಿನ ಮೇಣದ ಹಾಗೆ. ಇಡೀ ಒಳಪದರವನ್ನು ಕೆರೆದು ತೆಗೆಯಲು ಒಂದೂವರೆ ದಿನ ಹಿಡಿಯಿತು. ಅಂದಿನಿಂದ ನಾನು ಎಪಾಕ್ಸಿಯನ್ನು ತಕ್ಕಡಿಯಲ್ಲೇ ತೂಗುತ್ತೇನೆ, ಗ್ರಾಮಿನ ಲೆಕ್ಕದಲ್ಲಿ, ಚಿನ್ನ ತೂಗಿದ ಹಾಗೆ. ಕಲಸುವುದೂ ಎರಡು ನಿಮಿಷಕ್ಕೆ ಕಡಿಮೆ ಇಲ್ಲ, ಕಪ್ಪಿನ ಗೋಡೆ, ತಳ ಎರಡನ್ನೂ ಕೆರೆಯುತ್ತಾ. ಹಾಗೇ ಒಂದೇ ಕಪ್ಪಿನಲ್ಲಿ ಬಹಳ ಕಲಸಬೇಡಿ. ರಾಶಿಯಾಗಿ ಇದ್ದರೆ ತನ್ನ ಬಿಸಿಗೆ ತಾನೇ ಕುದಿದು ಹೊಗೆ ಬರುತ್ತದೆ.

ಎರಡನೆಯ ಸಲ ಸರಿಯಾಗಿ ಕೂತಿತು. 24 ಗಂಟೆ ಹಲಗೆಗಳ ನಡುವೆ ಬಿಟ್ಟು, ಆಮೇಲೆ ಹಲಗೆ ತೆಗೆಯದೆಯೇ ಮೇಲೊಂದು ಕಂಬಳಿಯ ಗುಡಾರ ಮಾಡಿ, ಒಳಗೆ ಎರಡು ಬಲ್ಬು ಉರಿಸಿ, 55 ಡಿಗ್ರಿಯಲ್ಲಿ ಒಂದು ಇಡೀ ರಾತ್ರಿ ಬೇಯಿಸಿದೆವು. ಎಪಾಕ್ಸಿಯನ್ನು ಹೀಗೆ ಬೇಯಿಸಿದರೆ ಮುಂದೆ ಅದು ಮೆತ್ತಗಾಗುವ ಬಿಸಿಯ ಮಟ್ಟ ಮೇಲೇರುತ್ತದೆ. ಬೇಸಿಗೆಯಲ್ಲಿ ಬಯಲಿನಲ್ಲಿ ನಿಲ್ಲುವ ವಿಮಾನಕ್ಕೆ ಇದು ಬೇಕೇ ಬೇಕು. ಫೈಬರ್ ವಿಮಾನಗಳು ಬಹುತೇಕ ಬಿಳಿ ಇರುವುದೂ ಇದಕ್ಕೇ. ಕಡುಬಣ್ಣ ಬಿಸಿಲನ್ನು ಹೀರಿಕೊಂಡು ಬಿಡುತ್ತದೆ.

ಹೊರಗಿನ ಕೆಲಸ ನಿಮಗೆ ಬೇಸರವಾಗಬಹುದು, ಚುಟುಕಾಗಿ ಹೇಳಿಬಿಡುತ್ತೇನೆ: ಅಂಚನ್ನು ಇಳಿಜಾರಾಗಿ ಉಜ್ಜಿ, ಒಂದು ತೆಳು ಪದರ ಬಟ್ಟೆ, ಹಗುರವಾದ ಗಾಜಿನ ಗುಳ್ಳೆಗಳ ಪುಟ್ಟಿ, ಉದ್ದ ಹಲಗೆಗೆ ಅಂಟಿಸಿದ ಸ್ಯಾಂಡ್ ಪೇಪರಿನಿಂದ ಉಜ್ಜುವುದು, ಸೂಜಿತೂತು ಮುಚ್ಚುವುದು, ಪ್ರೈಮರ್. ಇದಾದ ಮೇಲೆ ತುದಿಯನ್ನು ರೆಕ್ಕೆಗೆ ಕೂರಿಸಿ ಏಲರಾನನ್ನು ಮೇಲಕ್ಕೂ ಕೆಳಕ್ಕೂ ಪೂರ್ತಿ ತಿರುಗಿಸಿ ನೋಡಬೇಕು. ನಡುವಿನ ಸಂದಿಯಲ್ಲಿ ಒಂದು ಹನಿ ಎಪಾಕ್ಸಿ ಗಟ್ಟಿಯಾಗಿ ನಿಂತಿದ್ದರೂ ಆಕಾಶದಲ್ಲಿ ಏಲರಾನ್ ಸಿಕ್ಕಿಕೊಳ್ಳಬಹುದು. ನಾವು ದಪ್ಪ ರಟ್ಟಿನ ತುಂಡನ್ನು ಸಂದಿಯ ಉದ್ದಕ್ಕೂ ಜಾರಿಸಿ ನೋಡಿದೆವು, ಪ್ರತಿಸಲ ಏಲರಾನ್ ಬೇರೆ ಕೋನದಲ್ಲಿ ಇದ್ದಾಗ. ಒಂದು ಕಡೆ ಸಿಕ್ಕಿತು. ಉಜ್ಜಿದೆವು.

ಬಲ ತುದಿ ಉಳಿದಿತ್ತು, ನನ್ನ ವೀಸಾ ಮುಗಿಯಿತು. ಹಾಗಾಗಿ ಅದನ್ನು ಭೋಸರಿಯಿಂದ ಮಾಡಿಸಿದೆ. ಅದೇ ಅಳತೆಯ ತುಂಡೊಂದನ್ನು ಇಲ್ಲಿ ಹಾಕಿಕೊಂಡು, ಜುಲೈನ ಎರಡು ಶನಿವಾರ ವಿಡಿಯೋ ಕಾಲ್ ಮಾಡಿ, ಅಲ್ಲಿ ಬೆಳಿಗ್ಗೆ 9 ಗಂಟೆ, ಇಲ್ಲಿ ಸಂಜೆ ಏಳೂವರೆ, ನಾನು ಒಂದು ಹೆಜ್ಜೆ ಮಾಡುವುದು, ಅವರು ಒಂದು ಹೆಜ್ಜೆ ಮಾಡುವುದು. ಮಂಚದ ಕೆಳಗೆ ಮಲಗಿದ್ದ ಆ ತುದಿಯ 3 ಮಿಲಿಮೀಟರ್ ಪೂರ್ತಿ ಹುಟ್ಟುಸೊಟ್ಟವೇ ಇತ್ತು. ಪರೀಕ್ಷೆಗೆಂದು ಒಮ್ಮೆ ಕಾಯಿಸಿದರೂ ಕಿಂಚಿತ್ತೂ ಹೋಗಲಿಲ್ಲ. ಹೊರಗೆ ಮಳೆ ಹೊಯ್ಯುತ್ತಿತ್ತು, ಆ ತೇವಕ್ಕೆ ನಮ್ಮ ಶೆಡ್ಡಿನ ಎಪಾಕ್ಸಿ ಮೇಲೆ ಮಾರನೆಯ ದಿನ ಎಣ್ಣೆಜಿಡ್ಡಿನಂಥ ಪದರ ಎದ್ದಿತ್ತು. ನಮ್ಮ ಕೈಗೆಲಸಗಾರ ಅಸಿಟೋನ್ ಬಟ್ಟೆ ಎತ್ತಿಕೊಂಡ. ತಡೆದೆ. ಆ ಜಿಡ್ಡು ನೀರಿಗೆ ಹೋಗುತ್ತದೆ, ಅಸಿಟೋನಿಗೆ ಬರೀ ಹರಡುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್, ಎರಡು ನಿಮಿಷ. "ಇಷ್ಟು ವರ್ಷ ಇದು ಗೊತ್ತಿದ್ದಿಲ್ರಿ ಅಣ್ಣಾರ" ಎಂದ. ಅವನು ಈಗ ಎಪಾಕ್ಸಿ ಕೆಲಸಕ್ಕೆ ನನಗಿಂತ ಒಳ್ಳೆಯ ಕೈ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು.

ಇಂಜಿನಿಯರಿಂಗ್ ಓದುವ ಹುಡುಗನೊಬ್ಬ, ಇಷ್ಟೆಲ್ಲ ಯಾಕೆ, ಕಾರ್ಬನ್ ಫೈಬರ್‌ನಲ್ಲಿ ಹೊಸ ತುದಿ ಮಾಡಿದರೆ ಆಗದೇ ಅಂತ ಕೇಳಿದ. ಮಾಡಬಹುದು. ಆದರೆ ಕಾರ್ಬನ್ ವಿದ್ಯುತ್ ಹಾಯಿಸುತ್ತದೆ, ಒಳಗಿನ ಆಂಟೆನಾಗೆ ಕಿವುಡು ಬಡಿದಂತಾಗುತ್ತದೆ. ಕಾರ್ಬನ್ ಅಲ್ಯೂಮಿನಿಯಂಗೆ ತಾಗಿದರೆ ತೇವ ಸೇರಿ ಅಲ್ಯೂಮಿನಿಯಂ ತಿನ್ನಲು ಶುರುವಾಗುತ್ತದೆ. ಮಾಡಲೇಬೇಕೆಂದರೆ ನಡುವೆ ಗಾಜಿನ ಒಂದು ಪದರ ಹಾಕಬೇಕು.

ಒಳಗೆ ಥರ್ಮೋಕೋಲ್ ತುಂಬಿದರೆ ಸೊಟ್ಟಾಗುವುದು ನಿಲ್ಲುವುದೇ ಅಂತ ಇನ್ನೊಬ್ಬರು. ಒಳಗೆ ಫೋಮಿನ ಒಂದು ಅಡ್ಡಪಟ್ಟಿ ಕೂರಿಸುವುದು ಒಳ್ಳೆಯ ಅಭ್ಯಾಸವೇ. ಆದರೆ ಥರ್ಮೋಕೋಲ್ ಪಾಲಿಯೆಸ್ಟರ್ ರೆಸಿನ್ ತಾಗಿದ ಕೂಡಲೇ ಕರಗಿಹೋಗುತ್ತದೆ, ಎಪಾಕ್ಸಿ ಆದರೆ ಸರಿ. ಥರ್ಮೋಕೋಲನ್ನು ಕಾದ ತಂತಿಯಿಂದ ಕೊಯ್ಯಬಹುದು. ಹಳದಿ ಯುರೆಥೇನ್ ಫೋಮನ್ನು ಮಾತ್ರ ಹಾಗೆ ಎಂದೂ ಕೊಯ್ಯಬೇಡಿ. ಅದರ ಹೊಗೆ ವಿಷ.

ಒಬ್ಬರು ತಾಯಿ, ಅವರ ಮಗ ಭೋಸರಿಯಲ್ಲೇ ಫೈಬರ್ ಕೆಲಸಕ್ಕೆ ಸೇರಿದ್ದಾನಂತೆ, ಆರೋಗ್ಯದ ಬಗ್ಗೆ ಕೇಳಿದರು. ಈ ಪ್ರಶ್ನೆಗೆ ನಾನು ಹೆಚ್ಚು ಹೊತ್ತು ಮಾತಾಡಿದೆ, ಇಲ್ಲೂ ಬರೆಯುತ್ತೇನೆ. ನಾವು ಮೊದಲ ಹತ್ತು ವರ್ಷ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೆಲಸ ಮಾಡಿದವರು. ಕರವಸ್ತ್ರ ಗಾಜಿನ ಧೂಳನ್ನು ತಡೆಯುವುದಿಲ್ಲ, ಸ್ಟೈರೀನ್ ವಾಸನೆಯನ್ನಂತೂ ಇಲ್ಲವೇ ಇಲ್ಲ. ಉಜ್ಜುವಾಗ ಧೂಳಿನ ಮಾಸ್ಕ್, ರೆಸಿನ್ ಹಚ್ಚುವಾಗ ಡಬ್ಬಿ ಇರುವ ಮಾಸ್ಕ್, ಎರಡೂ ಬೇರೆ ಬೇರೆ. ಪಾಲಿಯೆಸ್ಟರ್‌ನ ಹಾರ್ಡನರ್ ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು, ಕನ್ನಡಕ ಹಾಕಲೇಬೇಕು. ಪಾಲಿಯೆಸ್ಟರ್ ಬೇಗ ಗಟ್ಟಿಯಾಗಲೆಂದು ಹಾಕುವ ಕೋಬಾಲ್ಟ್ ದ್ರವವನ್ನೂ ಹಾರ್ಡನರನ್ನೂ ನೇರವಾಗಿ ಸೇರಿಸಿದರೆ ಬೆಂಕಿ ಹತ್ತುತ್ತದೆ, ಸ್ಫೋಟವೂ ಆಗಬಹುದು. ಮೊದಲು ಒಂದನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿ ಆಮೇಲೆ ಇನ್ನೊಂದು. ಎಪಾಕ್ಸಿಗೆ ವಾಸನೆ ಕಡಿಮೆ, ಅದಕ್ಕೇ ಜನ ಬರಿಗೈ ಹಾಕುತ್ತಾರೆ. ಮತ್ತೆ ಮತ್ತೆ ಚರ್ಮಕ್ಕೆ ತಾಗಿದರೆ ಒಂದು ದಿನ ಅಲರ್ಜಿ ಹತ್ತುತ್ತದೆ, ಹತ್ತಿದ ಮೇಲೆ ಜೀವನಪರ್ಯಂತ ಬಿಡುವುದಿಲ್ಲ. ಕೈಗೆ ಅಂಟಿದ್ದನ್ನು ಅಸಿಟೋನಿನಲ್ಲಿ ತೊಳೆಯುವ ನಮ್ಮ ಅಭ್ಯಾಸ ಇನ್ನೂ ಕೆಟ್ಟದು. ಗ್ಲೌಸ್ ಹಾಕಿ, ಅಂಟಿದರೆ ಸಾಬೂನು. ತಾಯೀ, ನಿಮ್ಮ ಮಗನನ್ನು ಒಂದು ದಿನ ನಮ್ಮ ಶೆಡ್ಡಿಗೆ ಕಳಿಸಿ, ಕೂತು ಎಲ್ಲ ತೋರಿಸುತ್ತೇನೆ.

ಕೊನೆಗೆ ಒಬ್ಬರು, ಆ ತುದಿಗಳು ಈಗ ಎಲ್ಲಿವೆ ಅಂತ ಕೇಳಿದರು. ವಿಮಾನದ ಎಂಜಿನ್ ಇನ್ನೂ ಬಂದಿಲ್ಲ, ಹಾಗಾಗಿ ತುದಿಗಳು ಗ್ಯಾರೇಜಿನಲ್ಲೇ ಇವೆ. ಮಗಳು ಹಳೆಯ ಎರಡು ಬೆಡ್‌ಶೀಟ್ ಮಡಿಸಿ ಹೊಲಿದು ಅಗಲವಾದ ಜೋಲಿ ಮಾಡಿದ್ದಾಳೆ, ಮೊಮ್ಮಗನಿಗೆ ಕಟ್ಟಿದ್ದ ಕೊಕ್ಕೆಗಳಿಗೇ ಕಟ್ಟಿದ್ದಾಳೆ. ಎರಡು ತುದಿಯೂ ಉದ್ದಕ್ಕೆ ಮಲಗಿವೆ, ಗೋಡೆಯಿಂದ ದೂರ, ಭಾರ ಎಲ್ಲಿಯೂ ಒಂದು ಮೂಲೆಗೆ ಬೀಳದ ಹಾಗೆ. ಹೋದ ಭಾನುವಾರ ಅಳಿಯಂದಿರು ಎಡದ್ದನ್ನು ಇಳಿಸಿ ಪಟ್ಟಿ ಹಿಡಿದು ಅಳೆದು ಫೋಟೋ ಕಳಿಸಿದ್ದರು. ಅರ್ಧ ಮಿಲಿಮೀಟರ್ ಒಳಗೇ ಇದೆ.